ಚಿತ್ರದ ಹಣ, ಕೊಟ್ಟಿಗೆಯ ನಷ್ಟ: ಬಂಡೀಪುರದ ಅಂಚಿನ ವನ್ಯಜೀವಿ ಚಿತ್ರಕಲಾವಿದೆಯ ಕಾರ್ಯ ಹಾಗೂ ಜಾನುವಾರು ಮಾಲೀಕರಿಗೆ ಮಾಹಿತಿ

ಕಾಳಗಿ, ಚಿಂಚೋಳಿ, ಸೇಡಂ ಮತ್ತು ಚಿತ್ತಾಪುರ ತಾಲ್ಲೂಕುಗಳ ಸಾರ್ವಜನಿಕರ, ವಿಶೇಷವಾಗಿ ದನಕರು ಹಾಗೂ ಕುರಿ-ಮೇಕೆ ಸಾಕುವವರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ವನ್ಯಪ್ರಾಣಿಯ ದಾಳಿಯಿಂದ ಜಾನುವಾರು ಸತ್ತಾಗ ಸರ್ಕಾರದಿಂದ ದೊರೆಯುವ ದಯಾತ್ಮಕ ಧನದ ವಿಷಯವನ್ನು ಬರಿಯ ನಿಯಮಗಳ ರೂಪದಲ್ಲಿ ತಿಳಿಸಿದರೆ ಅದು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಆದುದರಿಂದ ರಾಜ್ಯದ ಇನ್ನೊಂದು ತುದಿಯಲ್ಲಿ ಒಬ್ಬ ಚಿತ್ರಕಲಾವಿದೆಯು ಕೈಗೊಂಡ ಕಾರ್ಯದ ಮೂಲಕ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಭಾಗದ ಹಿನ್ನೆಲೆ

ಕಾಳಗಿಗೆ ನೆರೆಯದಾದ ಚಿಂಚೋಳಿಯ ಅರಣ್ಯದ 134.88 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಇದು ಒಣ ಭೂಮಿಯ ಕಾಡು. ಇಲ್ಲಿ ಹುಲಿಯಿಲ್ಲ, ಆನೆಯಿಲ್ಲ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಮೊದಲಾದವು ಇಲ್ಲಿಯ ಪ್ರಾಣಿಗಳು. ಧಾಮದ ಒಳಗೂ ಅಂಚಿನಲ್ಲಿಯೂ ತಾಂಡಾಗಳಿವೆ. ಸುತ್ತಲೂ ತೊಗರಿಯ ಹೊಲಗಳಿವೆ. ರಾಶಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುವುದು, ರಾತ್ರಿ ಬಲೆ ಕಟ್ಟಿ ಕುರಿಗಾಹಿಗಳು ಅಲ್ಲಿಯೇ ಮಲಗುವುದು ಈ ಭಾಗದ ವಾಡಿಕೆ. ಬೆಳಗಾಗುವಾಗ ಒಂದೆರಡು ಕುರಿ ಕಡಿಮೆಯಾಗಿದ್ದರೆ ಅದರ ನಷ್ಟವನ್ನು ಹೊರಬೇಕಾದವನು ಆ ಕುರಿಗಾಹಿಯೇ. ತೋಳವನ್ನು ರಕ್ಷಿಸಬೇಕೆಂಬ ಮಾತನ್ನು ಆ ಹೊತ್ತಿನಲ್ಲಿ ಆತನು ಸಮಾಧಾನದಿಂದ ಕೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ವನ್ಯಜೀವಿ ಸಂರಕ್ಷಣೆಯ ಕಷ್ಟದ ಭಾಗವೆಲ್ಲ ಆ ಒಂದು ಬೆಳಗಿನಲ್ಲಿದೆ. ಬಂಡೀಪುರದ ಅಂಚಿನಲ್ಲಿ ನಡೆದ ಕೆಲಸವು ಗಮನಕ್ಕೆ ಅರ್ಹವಾಗಿರುವುದು ಸಹ ಅದು ಇಂತಹ ಬೆಳಗಿಗೇ ಸಂಬಂಧಿಸಿದ್ದೆಂಬ ಕಾರಣದಿಂದ.

ಮಂಗಲ ಗ್ರಾಮದ ಚಿತ್ರಕಲಾವಿದೆ

ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಮಂಗಲ ಗ್ರಾಮವು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ವನ್ಯಜೀವಿ ಚಿತ್ರಗಳನ್ನು ರಚಿಸುವ ಶ್ರೀಮತಿ ಸುನೀತಾ ಧೈರ್ಯಂ ಅವರು 1990ರ ದಶಕದ ಮಧ್ಯಭಾಗದಲ್ಲಿ ನಗರವನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದರು. ಚಿತ್ರಕಲೆಯನ್ನು ಅವರು ಸ್ವಂತ ಅಭ್ಯಾಸದಿಂದ ರೂಢಿಸಿಕೊಂಡವರು. ಹುಲಿ, ಚಿರತೆ, ಆನೆ ಮೊದಲಾದ ಕಾಡಿನ ಪ್ರಾಣಿಗಳೇ ಅವರ ಚಿತ್ರಗಳ ವಸ್ತು.

ಕಾಡಿನ ಅಂಚಿನಲ್ಲಿ ವಾಸ ಮಾಡುವವರಿಗೆ ಪ್ರಾಣಿಗಳಷ್ಟೇ ನಿಕಟವಾಗಿ ಊರಿನ ಜನರ ನಷ್ಟವೂ ಕಾಣುತ್ತದೆ. ಹುಲಿ ಕೊಂದ ಹಸುವಿನ ಮುಂದೆ ಕುಳಿತ ಮನೆಯವರಿಗೆ ಆ ಹುಲಿಯ ಚಿತ್ರವು ಎಷ್ಟು ಸುಂದರವಾಗಿದ್ದರೂ ಪ್ರಯೋಜನವಿಲ್ಲ. ಈ ಹಿನ್ನೆಲೆಯಲ್ಲಿ ಅವರು 2005ರಲ್ಲಿ ಮಾರಿಯಮ್ಮ ಚಾರಿಟಬಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಾರಿಯಮ್ಮನು ದಕ್ಷಿಣದ ಹಳ್ಳಿಗಳಲ್ಲಿ ಊರು ಮತ್ತು ದನಕರುಗಳನ್ನು ಕಾಯುವ ದೇವತೆಯೆಂಬ ನಂಬಿಕೆಯಿರುವುದರಿಂದ ಹೆಸರಿನ ಔಚಿತ್ಯವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಸದರಿ ಟ್ರಸ್ಟಿನ ಮುಖ್ಯ ಕಾರ್ಯಗಳಲ್ಲಿ ಒಂದು, ಹುಲಿ ಅಥವಾ ಚಿರತೆಯಿಂದ ಜಾನುವಾರು ಕಳೆದುಕೊಂಡ ಗ್ರಾಮಸ್ಥರಿಗೆ ಮಧ್ಯಂತರ ಪರಿಹಾರವಾಗಿ ಹಣ ನೀಡುವುದು. ಸರ್ಕಾರದ ದಯಾತ್ಮಕ ಧನಕ್ಕೆ ಇದು ಬದಲಿಯಲ್ಲ. ಸರ್ಕಾರದ ಹಣವು ಸ್ಥಳ ಪರಿಶೀಲನೆ, ದಾಖಲೆ, ಮಂಜೂರಾತಿ, ಪಾವತಿ ಎಂಬ ಹಂತಗಳನ್ನು ದಾಟಿ ಬರಬೇಕಾಗುತ್ತದೆ. ಸಾರ್ವಜನಿಕ ಹಣಕ್ಕೆ ಈ ಹಂತಗಳು ಅನಿವಾರ್ಯ. ಆದರೆ ಹಾಲು ಕೊಡುವ ಹಸುವು ಹೋದ ಮನೆಯಲ್ಲಿ ಮರುದಿನದಿಂದಲೇ ಆದಾಯ ನಿಲ್ಲುತ್ತದೆ. ಈ ನಡುವಿನ ಅವಧಿಯಲ್ಲಿ ಕೈಗೆ ಬರುವ ಸಣ್ಣ ಮೊತ್ತವೂ ದೊಡ್ಡ ಕೆಲಸ ಮಾಡುತ್ತದೆ.

ಇದಲ್ಲದೆ ಗ್ರಾಮದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಹುಚ್ಚುನಾಯಿ ರೋಗ ನಿರೋಧಕ ಲಸಿಕೆ, ಜಾನುವಾರುಗಳಿಗೆ ಲಸಿಕೆ, ಶಾಲಾ ಮಕ್ಕಳಿಗೆ ನೆರವು ಮುಂತಾದ ಕೆಲಸಗಳನ್ನೂ ಟ್ರಸ್ಟ್ ಕೈಗೊಂಡಿದೆ. ನಾಯಿಗಳ ಲಸಿಕೆಗೂ ಹುಲಿಗೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಊರಿನ ನಾಯಿಗಳಿಂದ ರೇಬೀಸ್ ಹಾಗೂ ಡಿಸ್ಟೆಂಪರ್ ರೋಗಗಳು ಕಾಡುಪ್ರಾಣಿಗಳಿಗೆ ಹರಡುತ್ತವೆ. ದನಗಳ ಕಾಲುಬಾಯಿ ಜ್ವರವು ಕಾಡಿನ ಗೊರಸಿನ ಪ್ರಾಣಿಗಳಿಗೆ ತಗಲುತ್ತದೆ. ಊರಿನ ಪಶುಗಳ ಆರೋಗ್ಯವನ್ನು ಕಾಯ್ದರೆ ಕಾಡಿನ ಪಶುಗಳ ಆರೋಗ್ಯವನ್ನೂ ಕಾಯ್ದಂತಾಗುತ್ತದೆ.

ಹಣ ಎಲ್ಲಿಂದ ಬರುತ್ತದೆ

ಈ ಕಾರ್ಯಗಳಿಗೆ ಹಣ ಒದಗಿಸುವ ಸಲುವಾಗಿ ಸುನೀತಾ ಧೈರ್ಯಂ ಅವರು ಟೆಂಪಲ್ ಟ್ರೀ ಡಿಸೈನ್ಸ್ ಎಂಬ ಹೆಸರಿನಲ್ಲಿ ತಮ್ಮ ಚಿತ್ರಗಳನ್ನು ಟೀ-ಶರ್ಟು ಮೊದಲಾದ ನಿತ್ಯೋಪಯೋಗಿ ವಸ್ತುಗಳ ಮೇಲೆ ಮುದ್ರಿಸಿ ಮಾರಾಟ ಮಾಡುವ ವ್ಯವಸ್ಥೆಯನ್ನು ರೂಪಿಸಿದರು. ಇದರಿಂದ ಬರುವ ಹಣವು ಟ್ರಸ್ಟಿನ ಕೆಲಸಗಳಿಗೆ ನೆರವಾಗುತ್ತದೆ.

ಲೆಕ್ಕದ ದೃಷ್ಟಿಯಿಂದ ಈ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. ಮೂಲ ವರ್ಣಚಿತ್ರವು ಒಂದೇ ಬಾರಿ ಮಾರಾಟವಾಗುವ ವಸ್ತು. ಅದನ್ನು ಬರೆಯಲು ವಾರಗಳೋ ತಿಂಗಳುಗಳೋ ಬೇಕು. ಕೊಳ್ಳುವ ಶಕ್ತಿಯಿರುವವರು ಕೆಲವರೇ. ಮುಂದಿನ ಚಿತ್ರವು ಯಾವಾಗ ಮಾರಾಟವಾಗುವುದೆಂಬ ಭರವಸೆಯಿಲ್ಲ. ಆದರೆ ಹುಲಿಯು ಹಸುವನ್ನು ಕೊಲ್ಲುವುದು ಚಿತ್ರ ಮಾರಾಟವಾದ ತಿಂಗಳಲ್ಲಿ ಮಾತ್ರವಲ್ಲ. ವೆಚ್ಚವು ಪ್ರತಿ ತಿಂಗಳೂ ಬರುವಂತಹುದಾದರೆ ಆದಾಯವೂ ಪ್ರತಿ ತಿಂಗಳು ಬರುವಂತಹುದೇ ಆಗಬೇಕು. ಒಂದೇ ಚಿತ್ರವನ್ನು ಅನೇಕ ಪ್ರತಿಗಳಾಗಿ, ಸಾಮಾನ್ಯ ಪ್ರವಾಸಿಯೂ ಕೊಳ್ಳಬಹುದಾದ ಬೆಲೆಯಲ್ಲಿ ಮಾರುವುದರ ತಾತ್ಪರ್ಯ ಇದೇ.

ಇಲ್ಲಿ ಕೊಳ್ಳುವವರು ತಿಳಿಯಬೇಕಾದ ಸಂಗತಿಯೊಂದಿದೆ. ಇಂತಹ ಯಾವುದೇ ವಸ್ತುವಿನ ಪೂರ್ಣ ಬೆಲೆಯು ದಾನವಾಗುವುದಿಲ್ಲ. ಬಟ್ಟೆ, ಮುದ್ರಣ, ಹೊಲಿಗೆ, ಸಾಗಣೆ ಹಾಗೂ ತೆರಿಗೆಯನ್ನು ಕಳೆದು ಉಳಿಯುವ ಮೊತ್ತವೇ ಸೇವೆಗೆ ದೊರೆಯುವುದು. ವಸ್ತುವಿನ ಖರೀದಿಯ ರಸೀದಿಯನ್ನು ತೋರಿಸಿ ಆದಾಯ ತೆರಿಗೆಯಲ್ಲಿ ದಾನದ ರಿಯಾಯಿತಿ ಕೇಳಲು ಬರುವುದಿಲ್ಲ. ಆ ರಿಯಾಯಿತಿಯು ಮಾನ್ಯತೆ ಪಡೆದ ಸಂಸ್ಥೆಗೆ ನೇರವಾಗಿ ನೀಡಿದ ದಾನಕ್ಕೆ ಮಾತ್ರ ಅನ್ವಯಿಸುತ್ತದೆ. ಪ್ರಾಣಿಗಳ ಹೆಸರಿನಲ್ಲಿ ಚಿತ್ರ, ಕ್ಯಾಲೆಂಡರ್, ಬಟ್ಟೆ ಮಾರುವವರು ಅನೇಕರಿರುವುದರಿಂದ, ಹಣವು ಯಾವ ಕೆಲಸಕ್ಕೆ ಹೋಗುತ್ತದೆಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದ್ದೇ ಇದೆ.

ಇದಕ್ಕೆ ಮೊದಲಿನ ಒಂದು ಉದಾಹರಣೆ

ಚಿತ್ರದ ಹಣವು ಹುಲಿಯ ರಕ್ಷಣೆಗೆ ಬಂದಿರುವುದು ನಮ್ಮ ದೇಶದಲ್ಲಿ ಇದೇ ಮೊದಲಲ್ಲ. ಬ್ರಿಟನ್ನಿನ ಚಿತ್ರಕಾರ ಡೇವಿಡ್ ಶೆಫರ್ಡ್ (1931-2017) ಅವರನ್ನು ಲಂಡನ್ನಿನ ಹೆಸರಾಂತ ಕಲಾಶಾಲೆಯೊಂದು ಪ್ರತಿಭೆಯಿಲ್ಲವೆಂದು ಸೇರಿಸಿಕೊಳ್ಳಲಿಲ್ಲ. ಅವರು ಮೊದಲು ವಿಮಾನಗಳ ಚಿತ್ರಗಳನ್ನು ಬರೆಯುತ್ತಿದ್ದರು. 1960ರಲ್ಲಿ ಬ್ರಿಟಿಷ್ ವಾಯುಪಡೆಯವರು ಅವರನ್ನು ಪೂರ್ವ ಆಫ್ರಿಕಾಕ್ಕೆ ಕರೆಸಿಕೊಂಡಾಗ ವಿಮಾನದ ಚಿತ್ರ ಬೇಡ, ಅಲ್ಲಿಯ ಪ್ರಾಣಿಯ ಚಿತ್ರ ಬೇಕೆಂದು ಕೇಳಿದರು. 25 ಪೌಂಡಿಗೆ ಬರೆದುಕೊಟ್ಟ ಒಂದು ಖಡ್ಗಮೃಗದ ಚಿತ್ರವು ಅವರ ಮೊದಲ ವನ್ಯಜೀವಿ ಚಿತ್ರವಾಯಿತು. ಅದೇ ಪ್ರವಾಸದಲ್ಲಿ, ಈಗಿನ ತಾಂಜಾನಿಯಾ ದೇಶದಲ್ಲಿ, ಬೇಟೆಗಾರರು ವಿಷ ಬೆರೆಸಿದ್ದ ನೀರಿನ ಹೊಂಡವೊಂದರ ಬಳಿ 255 ಜೀಬ್ರಾಗಳು ಸತ್ತು ಬಿದ್ದಿರುವುದನ್ನು ಅವರು ಕಂಡರು. ಸಂರಕ್ಷಣೆಯ ಕಡೆಗೆ ತಮ್ಮನ್ನು ತಿರುಗಿಸಿದ್ದು ಆ ದೃಶ್ಯವೇ ಎಂದು ಅವರು ಮುಂದೆ ಹೇಳುತ್ತಿದ್ದರು.

1972ರ ಗಣತಿಯಲ್ಲಿ ಭಾರತದಲ್ಲಿ ಉಳಿದಿದ್ದ ಹುಲಿಗಳ ಸಂಖ್ಯೆ 1,827 ಎಂದು ಅಂದಾಜಾಗಿತ್ತು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿ ಅವರ ಆಸಕ್ತಿಯಿಂದ 1973ರ ಏಪ್ರಿಲ್ 1ರಂದು ಹುಲಿ ಯೋಜನೆಯು ಆರಂಭವಾಯಿತು. ಇದಕ್ಕೆ ಬೆಂಬಲವಾಗಿ ವಿದೇಶಗಳಲ್ಲಿ ನಡೆದ ನಿಧಿ ಸಂಗ್ರಹಕ್ಕಾಗಿ ಶೆಫರ್ಡ್ ಅವರು ಹುಲಿಯೊಂದರ ಚಿತ್ರವನ್ನು ರಚಿಸಿದರು. 'ಟೈಗರ್ ಫೈರ್' ಎಂಬ ಆ ಚಿತ್ರದ ಮುದ್ರಿತ ಪ್ರತಿಗಳ ಮಾರಾಟದಿಂದ 1,27,000 ಪೌಂಡ್ ಸಂಗ್ರಹವಾಯಿತು. ಹುಲಿ ಯೋಜನೆಗೆ ಮೊದಲು ಆಯ್ಕೆಯಾದ 9 ಪ್ರದೇಶಗಳಲ್ಲಿ ಬಂಡೀಪುರವೂ ಒಂದು. 1984ರಲ್ಲಿ ಶೆಫರ್ಡ್ ಅವರು ತಮ್ಮದೇ ಹೆಸರಿನ ವನ್ಯಜೀವಿ ಪ್ರತಿಷ್ಠಾನವನ್ನು ಸ್ಥಾಪಿಸಿದರು. 2022ರ ಗಣತಿಯ ವೇಳೆಗೆ ದೇಶದ ಹುಲಿಗಳ ಅಂದಾಜು ಸಂಖ್ಯೆ 3,682ಕ್ಕೆ, ಕರ್ನಾಟಕದ್ದು 563ಕ್ಕೆ, ಬಂಡೀಪುರವೊಂದರದ್ದೇ 150ಕ್ಕೆ ತಲುಪಿತ್ತು.

ಅಂಕಿ-ಅಂಶಗಳು ಸಂತೋಷ ಕೊಡುವಂತಹವೇ. ಆದರೆ ಹುಲಿಗಳು ಹೆಚ್ಚಿದಲ್ಲಿ ಕಾಡಿನಂಚಿನ ಊರುಗಳ ಕೊಟ್ಟಿಗೆಗಳಿಗೆ ತಗಲುವ ನಷ್ಟವೂ ಹೆಚ್ಚುತ್ತದೆಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. 1973ರಲ್ಲಿ ಬೇಕಾಗಿದ್ದುದು ಕಾಡನ್ನು ಕಾಯುವುದಕ್ಕೆ ಹಣ. ಈಗ ಅದರೊಡನೆ ಕಾಡಿನ ನೆರೆಯವರ ನಷ್ಟವನ್ನು ತುಂಬುವುದಕ್ಕೂ ಹಣ ಬೇಕು. ಮಂಗಲ ಗ್ರಾಮದ ಪ್ರಯತ್ನವು ಈ ಎರಡನೆಯ ಅಗತ್ಯದಿಂದ ಹುಟ್ಟಿದ್ದು.

ವಿಷದ ಪರಿಣಾಮ

ಹುಲಿಯು ದೊಡ್ಡ ಪ್ರಾಣಿಯನ್ನು ಕೊಂದರೆ ಒಂದೇ ಹೊತ್ತಿಗೆ ತಿಂದು ಮುಗಿಸುವುದಿಲ್ಲ; ಸಮೀಪದಲ್ಲಿಯೇ ಇದ್ದು, ಎರಡು ಮೂರು ದಿನಗಳವರೆಗೂ ಕಳೇಬರಕ್ಕೆ ಮರಳಿ ಬರುತ್ತದೆ. ಕೋಪಗೊಂಡವರು ಕಳೇಬರದ ಮೇಲೆ ಬೆಳೆಗೆ ಬಳಸುವ ಕೀಟನಾಶಕವನ್ನು ಸುರಿಯಲು ಅವಕಾಶವಾಗುವುದು ಈ ಸ್ವಭಾವದಿಂದಲೇ. ಚಿರತೆಗೂ ತೋಳಕ್ಕೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಅದೇ ಮಾಂಸವನ್ನು ರಣಹದ್ದು, ಕಾಗೆ, ನರಿ, ಕತ್ತೆಕಿರುಬ ಹಾಗೂ ಊರಿನ ನಾಯಿಗಳೂ ತಿನ್ನುತ್ತವೆ.

2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದ ಮೀಣ್ಯಂ ಪ್ರದೇಶದಲ್ಲಿ ಒಂದು ತಾಯಿ ಹುಲಿ ಹಾಗೂ ಅದರ ನಾಲ್ಕು ಮರಿಗಳು ಸತ್ತಿರುವುದು ಪತ್ತೆಯಾಯಿತು. ಹುಲಿಯು ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂದು ಬಂಧನಗಳಾದವು. ಒಂದು ಹಸುವಿನ ನಷ್ಟದಿಂದ ಆರಂಭವಾದುದು ಐದು ಹುಲಿಗಳ ಸಾವಿನಲ್ಲಿಯೂ ಬಡ ಕುಟುಂಬಗಳವರ ಸೆರೆವಾಸದಲ್ಲಿಯೂ ಕೊನೆಗೊಂಡಿತು. ಹಸುವಿನ ನಷ್ಟವನ್ನು ಹಾಗೆಯೇ ಬಿಟ್ಟು ಹುಲಿಯೊಂದನ್ನೇ ಕಾಯಲು ಹೊರಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿ 'ಬೇಟೆ' ಎಂಬ ಪದದ ಅರ್ಥದಲ್ಲಿ ವಿಷ ಹಾಕುವುದೂ, ಅದಕ್ಕೆ ಪ್ರಯತ್ನಿಸುವುದೂ ಸೇರಿವೆ. ಹುಲಿಯಂತೆ ತೋಳ ಮತ್ತು ಕೃಷ್ಣಮೃಗಗಳೂ ಈ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿವೆ. ಇಂತಹ ಪ್ರಾಣಿಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ 3 ವರ್ಷಗಳಿಗೆ ಕಡಿಮೆಯಿಲ್ಲದ, 7 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಹಾಗೂ ದಂಡವನ್ನು ವಿಧಿಸಬಹುದಾಗಿದೆ. 'ತೋಳ ಹೊಡೆದರೆ ಯಾರು ಕೇಳುತ್ತಾರೆ' ಎಂಬ ಮಾತು ನಮ್ಮ ಭಾಗದಲ್ಲಿ ಕೇಳಿಬರುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಪ್ರತ್ಯೇಕ ಧಾಮವನ್ನು ಘೋಷಿಸಲಾಗಿದೆ.

ಜಾನುವಾರು ಮಾಲೀಕರು ಮಾಡಬೇಕಾದುದು

ಕಾಳಗಿ ಭಾಗದಲ್ಲಿ ಚಿತ್ರದ ಹಣದಿಂದ ಮಧ್ಯಂತರ ಪರಿಹಾರ ಕೊಡುವ ಟ್ರಸ್ಟ್ ಇಲ್ಲದಿದ್ದರೂ ಸರ್ಕಾರದ ದಯಾತ್ಮಕ ಧನವು ಇಲ್ಲಿಯೂ ಲಭ್ಯವಿದೆ. ಅರ್ಹರಾದವರು ಅದನ್ನು ಪಡೆಯದಿರುವುದಕ್ಕೆ ಸಾಮಾನ್ಯ ಕಾರಣವೆಂದರೆ ಮೊದಲ ದಿನವೇ ಆಗುವ ತಪ್ಪು. ಸತ್ತ ಪ್ರಾಣಿಯನ್ನು ಕೂಡಲೇ ಹೂಳುವುದು, ಮನೆಯ ಬಳಿಗೆ ಎಳೆತರುವುದು ಅಥವಾ ಮಾರಿಬಿಡುವುದು ನಡೆದರೆ, ಅನಂತರ ಬರುವ ಅಧಿಕಾರಿಗೆ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ. ಕಳೇಬರವು ಬಿದ್ದ ಸ್ಥಳವೇ ಅರ್ಜಿಯ ಮುಖ್ಯ ಸಾಕ್ಷ್ಯ. ಘಟನೆಯು ಪಟ್ಟಾ ಜಮೀನಿನಲ್ಲಿ ನಡೆಯಿತೇ, ಊರಿನ ಗೋಮಾಳದಲ್ಲಿಯೇ ಅಥವಾ ಮೇಯಿಸಲು ಅವಕಾಶವಿಲ್ಲದ ಸಂರಕ್ಷಿತ ಅರಣ್ಯದ ಒಳಗೇ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಆದುದರಿಂದ ಘಟನೆ ತಿಳಿದ ಕೂಡಲೇ, ಅದೇ ದಿನ, ಸಮೀಪದ ಅರಣ್ಯ ಪಾಲಕರಿಗೆ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ನೀಡಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು. ಕಳೇಬರವನ್ನು ಕದಲಿಸದೆ, ಸುತ್ತಲಿನ ಹೆಜ್ಜೆ ಗುರುತುಗಳ ಮೇಲೆ ಜನ ತುಳಿಯದಂತೆ ನೋಡಿಕೊಳ್ಳಬೇಕು. ಮೊಬೈಲ್ ಫೋನಿನಲ್ಲಿ ಕಳೇಬರದ, ಗಾಯದ ಹಾಗೂ ಸ್ಥಳದ ಛಾಯಾಚಿತ್ರಗಳನ್ನು ಬೆಳಕಿರುವಾಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಕಿವಿಯೋಲೆ ಇದ್ದಲ್ಲಿ ಅದರ ಸಂಖ್ಯೆಯೂ ಕಾಣುವಂತಿರಲಿ. ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದು ಪಂಚನಾಮೆ ಮಾಡುತ್ತಾರೆ. ಸಾವಿನ ಕಾರಣದ ಬಗ್ಗೆ ಪಶುವೈದ್ಯಾಧಿಕಾರಿಗಳ ದೃಢೀಕರಣ ಅಗತ್ಯ. ಪಂಚನಾಮೆಗೆ ಸಹಿ ಮಾಡುವ ಮುನ್ನ ಅದನ್ನು ಓದಿಸಿ ಕೇಳಿ, ಪ್ರಾಣಿಗಳ ಸಂಖ್ಯೆ, ಸರ್ವೆ ನಂಬರು, ದಿನಾಂಕ ಸರಿಯಾಗಿವೆಯೇ ಎಂದು ನೋಡಬೇಕು. ಇಲ್ಲಿ ಆಗುವ ಸಣ್ಣ ತಪ್ಪು ಮುಂದೆ ತಿಂಗಳುಗಳ ವಿಳಂಬಕ್ಕೆ ಕಾರಣವಾಗುತ್ತದೆ.

ಗುರುತಿನ ಚೀಟಿ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಅರ್ಜಿಯೊಂದಿಗೆ ಕೊಡಬೇಕಾಗುತ್ತದೆ. ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಖಾತೆಯು ಚಾಲ್ತಿಯಲ್ಲಿರಬೇಕು. ಅರ್ಜಿಯಲ್ಲಿರುವ ಹೆಸರು ಖಾತೆಯಲ್ಲಿರುವಂತೆಯೇ ಇರಬೇಕು. ಪ್ರಕರಣಗಳನ್ನು ಇಲಾಖೆಯ 'ಇ-ಪರಿಹಾರ' ಗಣಕ ವ್ಯವಸ್ಥೆಯಲ್ಲಿ ದಾಖಲಿಸಲಾಗುತ್ತದೆ. ಅರ್ಜಿಯ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮೊತ್ತದ ದರಗಳು ಸರ್ಕಾರದ ಆದೇಶಗಳಿಂದ ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ಚಾಲ್ತಿಯಲ್ಲಿರುವ ದರವನ್ನು ವಲಯ ಕಚೇರಿಯಲ್ಲಿ ತಿಳಿಯಬಹುದು. ಇದಕ್ಕೆ ಮಧ್ಯವರ್ತಿಗಳ ಅಗತ್ಯವಿಲ್ಲ.

ಅರ್ಜಿ ಸಲ್ಲಿಸುವುದೇ ಹಳ್ಳಿಗರಿಗೆ ದೊಡ್ಡ ತೊಡಕೆಂಬುದನ್ನು ಬಂಡೀಪುರದ ಕಡೆಯ ಅನುಭವವೂ ತೋರಿಸುತ್ತದೆ. ಅಲ್ಲಿ ಮತ್ತು ನಾಗರಹೊಳೆಯ ಸುತ್ತಲಿನ ಗ್ರಾಮಗಳಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2015ರಲ್ಲಿ 'ವೈಲ್ಡ್ ಸೇವೆ' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಸಂಸ್ಥೆಯು ತಾನೇ ಪರಿಹಾರದ ಹಣ ಕೊಡುವ ಬದಲು, ಉಚಿತ ದೂರವಾಣಿಗೆ ಕರೆ ಮಾಡಿದವರ ಬಳಿಗೆ ಸಿಬ್ಬಂದಿಯನ್ನು ಕಳುಹಿಸಿ ಸರ್ಕಾರಕ್ಕೆ ಸಲ್ಲಿಸಬೇಕಾದ ಅರ್ಜಿಯನ್ನು ಸಿದ್ಧಪಡಿಸಲು ನೆರವಾಗುವುದು ಅದರ ಕ್ರಮ. ಕಾಳಗಿ ಭಾಗದಲ್ಲಿ ಇಂತಹ ನೆರವನ್ನು ಗ್ರಾಮ ಪಂಚಾಯಿತಿ ಸದಸ್ಯರು, ಶಾಲೆಯ ಶಿಕ್ಷಕರು, ಓದು ಬಲ್ಲ ಯುವಕರು ಕುರಿಗಾಹಿಗಳಿಗೆ ನೀಡಲು ಅಡ್ಡಿಯೇನಿಲ್ಲ.

ಎರಡು ವಿಷಯಗಳಲ್ಲಿ ಅರ್ಜಿದಾರರಿಗೆ ಗೊಂದಲವಾಗುವ ಸಂಭವವಿದೆ. ಬೀದಿನಾಯಿಗಳ ಗುಂಪು ಕುರಿಗಳನ್ನು ಕೊಂದರೆ ಅದು ವನ್ಯಪ್ರಾಣಿಯ ದಾಳಿ ಎಂದು ಪರಿಗಣಿತವಾಗುವುದಿಲ್ಲ. ನಾಯಿ ಕೊಂದುದನ್ನು ತೋಳದ ಲೆಕ್ಕಕ್ಕೆ ಬರೆಸುವ ಪ್ರಯತ್ನ ಮಾಡಿದರೆ, ಪಶುವೈದ್ಯರ ಪರೀಕ್ಷೆಯಲ್ಲಿ ಅರ್ಜಿಯು ತಿರಸ್ಕೃತವಾಗಬಹುದು. ಇನ್ನು ಕತ್ತೆಕಿರುಬವು ಬಹುಮಟ್ಟಿಗೆ ಸತ್ತ ಪ್ರಾಣಿಯನ್ನು ತಿಂದು ಬದುಕುವಂತಹುದು. ರೋಗದಿಂದ ಸತ್ತ ಕುರಿಯ ಬಳಿ ಅದು ಕಂಡಮಾತ್ರಕ್ಕೆ ಅದೇ ಕೊಂದಿತೆಂದು ಹೇಳಲಾಗದು. ರೋಗ ಅಥವಾ ಆಕಸ್ಮಿಕದಿಂದ ಸತ್ತ ಕುರಿ, ಮೇಕೆ, ದನಗಳ ವಿಷಯದಲ್ಲಿ ಪಶುಸಂಗೋಪನಾ ಇಲಾಖೆಯ 'ಅನುಗ್ರಹ' ಯೋಜನೆಯು ಪ್ರತ್ಯೇಕವಾಗಿದ್ದು, ಅದಕ್ಕೆ ಅರ್ಹತೆಯಿದೆಯೇ ಎಂದು ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಪಂಚನಾಮೆ ಮುಗಿದ ಬಳಿಕ ಕಳೇಬರವನ್ನು ಏನು ಮಾಡಬೇಕೆಂಬುದನ್ನು ಸ್ಥಳಕ್ಕೆ ಬಂದ ಅರಣ್ಯ ಸಿಬ್ಬಂದಿಯನ್ನೇ ಕೇಳಿ ಅವರು ಹೇಳಿದಂತೆ ಮಾಡತಕ್ಕದ್ದು. ಅಲ್ಲಿಯವರೆಗೆ ಕಳೇಬರದ ಹತ್ತಿರ ಮಕ್ಕಳನ್ನೂ ನಾಯಿಗಳನ್ನೂ ಬಿಡಬಾರದು. ಕೀಟನಾಶಕದ ಡಬ್ಬಿಗಳು ಹೊಲದ ಗುಡಿಸಲಿನಲ್ಲಿದ್ದರೆ ಅವುಗಳನ್ನು ಬೀಗ ಹಾಕಿ ಇಡಬೇಕೆಂದು ಕೋರಲಾಗಿದೆ.